ಹಳ್ಳಿಯ ಹೋಟೆಲು ಕಾಡಿಗೂ ಕೆರೆಗೂ ಹೊರೆಯಾಗದಿರಲಿ



ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ, ತಾಳಗುಂದ, ಉಡುತಡಿಗಳನ್ನೂ ಸೊರಬ ತಾಲ್ಲೂಕಿನ ಚಂದ್ರಗುತ್ತಿ ಮತ್ತು ಗುಡವಿ ಪಕ್ಷಿಧಾಮವನ್ನೂ ನೋಡಲು ಜನ ದೂರದಿಂದ ಬರುತ್ತಾರೆ. ಬಂದವರಿಗೆ ಊಟ, ಉಪಹಾರ, ಒಮ್ಮೊಮ್ಮೆ ರಾತ್ರಿ ತಂಗಲು ಕೋಣೆ ಬೇಕಾಗುತ್ತದೆ. ರಸ್ತೆಯ ಪಕ್ಕದಲ್ಲಿ ಜಮೀನುಳ್ಳ ಕುಟುಂಬಕ್ಕೆ ಸಣ್ಣ ಹೋಟೆಲು ಒಂದು ಒಳ್ಳೆಯ ಉಪಕಸುಬು.

ಆದರೆ ಹೋಟೆಲಿನ ಒಲೆ ದಿನವೂ ಉರಿಯುತ್ತದೆ, ಮುಸುರೆ ನೀರು ದಿನವೂ ಹರಿಯುತ್ತದೆ, ಎಂಜಲೆಲೆ ದಿನವೂ ಬೀಳುತ್ತದೆ. ಮೊದಲೇ ಯೋಚಿಸದಿದ್ದರೆ ಸೌದೆ ಕಾಡಿನಿಂದ ಬರುತ್ತದೆ, ಕೊಳಕು ಕೆರೆಗೆ ಹೋಗುತ್ತದೆ. ಹೋಟೆಲನ್ನು ಜಮೀನಿನ ಒಂದು ಅಂಗವೆಂದೇ ತಿಳಿದು ನಡೆಸಿದರೆ ಈ ಎರಡು ಹಾನಿಗಳೂ ತಪ್ಪಿ ತೋಟಕ್ಕೆ ಗೊಬ್ಬರ ಸಿಗುತ್ತದೆ.

ಒಲೆ ಮತ್ತು ಸೌದೆ

ದಿನಕ್ಕೆ 15 ಕಿಲೋ ಸೌದೆ ಉರಿಸುವ ಹೋಟೆಲಿಗೆ ವರ್ಷಕ್ಕೆ ಸುಮಾರು ಐದೂವರೆ ಟನ್ ಸೌದೆ ಬೇಕು. ಇಷ್ಟನ್ನು ಕಾಡಿನಿಂದ ತರಿಸುವುದು ಮರಗಳಿಗೆ ಮಾತ್ರವಲ್ಲ, ತರುವವರಿಗೂ ಅಪಾಯಕರ. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗುಗಳ ಕಡಿತದಿಂದ ಬರುವ ಈ ರೋಗ ಹೆಚ್ಚಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ ಕಾಣಿಸಿಕೊಳ್ಳುತ್ತದೆ. ಸೌದೆ, ದರಗು ತರಲು ಜನ ಕಾಡಿಗೆ ಹೋಗುವ ಕಾಲವೂ ಅದೇ. ನಿಮ್ಮ ಒಲೆಗಾಗಿ ಕೂಲಿಯಾಳನ್ನು ಆ ತಿಂಗಳುಗಳಲ್ಲಿ ಕಾಡಿಗೆ ಕಳುಹಿಸಬೇಡಿ. ಹೋಗಲೇಬೇಕಾದವರು ಆರೋಗ್ಯ ಇಲಾಖೆಯವರು ಕೊಡುವ ಡೆಪಾ ತೈಲವನ್ನು ಹಚ್ಚಿಕೊಂಡು ಹೋಗಬೇಕು. ಬಂದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆ ಬದಲಿಸಬೇಕು.

ಅಡಿಕೆ ಸಿಪ್ಪೆ, ತೆಂಗಿನ ಕರಟ, ಒಣಗಿದ ಸೋಗೆ, ಬೇಲಿಯ ಗೊಬ್ಬರದ ಗಿಡದ ಕಡ್ಡಿ ಇವನ್ನು ಒಣಗಿಸಿ ಮಳೆಗಾಲಕ್ಕೆ ಮುಂಚೆಯೇ ಕೊಟ್ಟಿಗೆಯಲ್ಲಿ ಕೂಡಿಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ವಿಭಾಗದವರು ರೂಪಿಸಿದ ಅಸ್ತ್ರ ಒಲೆಯಲ್ಲಿ ಒಂದೇ ಉರಿಗೆ ಮೂರು ಪಾತ್ರೆಗಳನ್ನು ಇಡಬಹುದು. ಹೊಗೆಯು ಕೊಳವೆಯ ಮೂಲಕ ಹೊರಗೆ ಹೋಗುವುದರಿಂದ ಅಡಿಗೆ ಮಾಡುವವರ ಕಣ್ಣು, ಶ್ವಾಸಕೋಶಗಳಿಗೆ ರಕ್ಷಣೆ ಸಿಗುತ್ತದೆ.

ಗೋಬರ್ ಅನಿಲ

ಎರಡು ಘನಮೀಟರಿನ ಅನಿಲ ಸ್ಥಾವರಕ್ಕೆ ದಿನಕ್ಕೆ 50 ಕಿಲೋ ಹಸಿ ಸೆಗಣಿ ಮತ್ತು ಅಷ್ಟೇ ನೀರು ಬೇಕು. ಕೊಟ್ಟಿಗೆಯಲ್ಲೇ ಕಟ್ಟಿ ಮೇಯಿಸುವ ಐದು ದನಗಳಿಂದ ಇಷ್ಟು ಸೆಗಣಿ ದೊರೆಯುತ್ತದೆ. ಮಲೆನಾಡು ಗಿಡ್ಡ ಚಿಕ್ಕ ತಳಿಯಾದುದರಿಂದ ಹೆಚ್ಚು ದನ ಬೇಕಾಗಬಹುದು. ಈ ಅನಿಲವು ದಿನಕ್ಕೆ ಸುಮಾರು 900 ಗ್ರಾಂ ಸಿಲಿಂಡರ್ ಅನಿಲಕ್ಕೆ ಸಮ. ಅಂದರೆ ತಿಂಗಳಿಗೆ 19 ಕಿಲೋ ಸಿಲಿಂಡರ್ ಒಂದಕ್ಕಿಂತ ಹೆಚ್ಚು ಉಳಿತಾಯ. ಮಳೆ, ಚಳಿಗಾಲದಲ್ಲಿ ಅನಿಲ ಕಡಿಮೆಯಾಗುವುದರಿಂದ ಅದೊಂದನ್ನೇ ನಂಬಿ ಹೋಟೆಲು ನಡೆಸಬಾರದು.

ಉಳಿದ ಅನ್ನ, ತರಕಾರಿ ಸಿಪ್ಪೆಗಳನ್ನು ಚೆನ್ನಾಗಿ ಕಿವುಚಿ ಸ್ವಲ್ಪ ಸ್ವಲ್ಪವಾಗಿ ಸೆಗಣಿಯೊಡನೆ ಹಾಕಬಹುದು. ಸೋಪಿನ ನೀರು, ಕರಿದ ಎಣ್ಣೆ, ನಿಂಬೆ ಸಿಪ್ಪೆ ಹಾಕಬೇಡಿ. ಹೊರಬರುವ ಬಗ್ಗಡವು ಅಡಿಕೆ, ಬಾಳೆಗಳಿಗೆ ಉತ್ತಮ ಗೊಬ್ಬರ. ಅಕ್ಕಚ್ಚು ಎಂದಿನಂತೆ ದನಗಳಿಗೇ ಸಲ್ಲಲಿ.

ಮುಸುರೆ ನೀರು

ಈ ಎರಡು ತಾಲ್ಲೂಕುಗಳು ಕೆರೆಗಳ ನಾಡು. ಮಳೆಗಾಲದಲ್ಲಿ ಬಿಳಿ ಕೆಂಬರಲು, ನೀರುಕಾಗೆ ಮೊದಲಾದ ಹಕ್ಕಿಗಳು ಗೂಡು ಕಟ್ಟುವುದೂ ಗುಡವಿಯ ಕೆರೆಯಲ್ಲೇ. ಎಣ್ಣೆ, ಸೋಪು ಸೇರಿದ ನೀರನ್ನು ಚರಂಡಿಗೆ ಬಿಟ್ಟರೆ ಅದು ಕೊನೆಗೆ ಯಾವುದಾದರೂ ಕೆರೆಯನ್ನೋ ನಿಮ್ಮದೇ ಬಾವಿಯನ್ನೋ ಸೇರುತ್ತದೆ.

ಪಾತ್ರೆ ತೊಳೆಯುವ ಜಾಗದ ಬಳಿ ಮೂರು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಆಳದ ಇಟ್ಟಿಗೆಯ ತೊಟ್ಟಿ ಕಟ್ಟಿಸಿ ನಡುವೆ ಅಡ್ಡಗೋಡೆ ಇಡಿಸಿ. ಅಡ್ಡಗೋಡೆಯ ಕೆಳಭಾಗದಲ್ಲಿ ಮಾತ್ರ ನೀರು ಹೋಗಲು ಕಿಂಡಿ ಇರಲಿ. ಜಿಡ್ಡು ಮೇಲೆ ತೇಲಿ ಮೊದಲ ಭಾಗದಲ್ಲೇ ನಿಲ್ಲುತ್ತದೆ. ವಾರಕ್ಕೊಮ್ಮೆ ಅದನ್ನು ತೆಗೆದು ಗೊಬ್ಬರದ ಗುಂಡಿಯಲ್ಲಿ ಒಣ ಎಲೆಗಳೊಡನೆ ಮುಚ್ಚಿ. ಮುಂದಿನ ನೀರನ್ನು ಜಲ್ಲಿ, ಮರಳು ತುಂಬಿದ ಕಾಲುವೆಯ ಮೂಲಕ ಬಾಳೆ, ಕೆಸುವಿನ ಪಾತಿಗೆ ಹರಿಸಿ. ಪಾತ್ರೆ ತಿಕ್ಕಲು ಬೂದಿ, ಸೀಗೆಪುಡಿ ಬಳಸಿದಷ್ಟೂ ಗಿಡಗಳಿಗೆ ಒಳ್ಳೆಯದು.

ಪಾಯಿಖಾನೆಗೆ ಎರಡು ಗುಂಡಿಗಳಿರಲಿ. ಒಂದು ತುಂಬಿದ ಮೇಲೆ ಅದನ್ನು ಮುಚ್ಚಿ ಎರಡು ವರ್ಷ ಬಿಟ್ಟರೆ ಮಲವು ಗೊಬ್ಬರವಾಗುತ್ತದೆ. ಗುಂಡಿಗಳು ಬಾವಿಯಿಂದ ಕನಿಷ್ಠ 15 ಮೀಟರ್ ದೂರದಲ್ಲಿ, ಇಳಿಜಾರಿನ ಕೆಳಗಡೆ ಇರಬೇಕು.

ಎಲೆ, ತಟ್ಟೆ, ಲೋಟ

ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳು 2022ರ ಜುಲೈ 1ರಿಂದ ದೇಶದಾದ್ಯಂತ ನಿಷಿದ್ಧ. ಬಾಳೆ ಎಲೆ, ಮುತ್ತುಗದ ಎಲೆ, ಸ್ಟೀಲ್ ತಟ್ಟೆಗಳೇ ನಮಗೆ ಸಾಕು. ಅಡಿಕೆ ಹಾಳೆಯ ತಟ್ಟೆಯೂ ಮಣ್ಣಿನಲ್ಲಿ ಕರಗುತ್ತದೆ. ಆದರೆ ಅಡಿಕೆಯ ಸಹಜ ರಾಸಾಯನಿಕಗಳು ಆಹಾರಕ್ಕೆ ಸೇರಬಹುದೆಂಬ ಕಾರಣದಿಂದ ಅವುಗಳನ್ನು ತರಿಸಿ ಮಾರಬಾರದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2025ರ ಮೇ ತಿಂಗಳಿನಲ್ಲಿ ತಿಳಿಸಿತು. ಆದ್ದರಿಂದ ಬಿಸಿ ಸಾರು, ಹುಳಿ ಬಡಿಸಲು ಬಾಳೆ ಎಲೆಯೇ ಲೇಸು.

ದಿನಕ್ಕೆ 30 ನೀರಿನ ಬಾಟಲಿ ಮಾರಿದರೆ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಖಾಲಿ ಬಾಟಲಿಗಳು ನಿಮ್ಮ ಊರಲ್ಲಿ ಉಳಿಯುತ್ತವೆ. ಕುದಿಸಿ ಆರಿಸಿದ ನೀರನ್ನು ಹಂಡೆಯಲ್ಲಿ ಮುಚ್ಚಿಟ್ಟು ಸ್ಟೀಲ್ ಲೋಟದಲ್ಲಿ ಕೊಡಿ. ಪ್ಲಾಸ್ಟಿಕ್ಕನ್ನು ಎಂದಿಗೂ ಒಲೆಗೆ ಹಾಕಬೇಡಿ, ಅದರ ಹೊಗೆ ವಿಷ.

ಮೊದಲು ಯಾವುದು?

ಎಲ್ಲವನ್ನೂ ಒಮ್ಮೆಲೇ ಮಾಡಬೇಕಾಗಿಲ್ಲ. ಖರ್ಚು ಕಡಿಮೆಯಿರುವ ಜಿಡ್ಡಿನ ತೊಟ್ಟಿ, ಬಾಳೆ ಪಾತಿಗಳನ್ನು ಮೊದಲು ಮಾಡಿ. ಎರಡನೆಯದಾಗಿ ಒಲೆ ಸುಧಾರಿಸಿ. ದನಗಳಿದ್ದರೆ ಮಾತ್ರ ಅನಿಲ ಸ್ಥಾವರಕ್ಕೆ ಕೈಹಾಕಿ. ಹೋಟೆಲಿಗೆ ಆಹಾರ ಸುರಕ್ಷತಾ ನೋಂದಣಿಯನ್ನು ತಪ್ಪದೆ ಮಾಡಿಸಿ. ಅಕ್ಕಿ, ತರಕಾರಿ, ಅನಾನಸ್, ಹಾಲು ಮೊದಲಾದವನ್ನು ಸ್ವಂತ ಜಮೀನಿನಿಂದ ಇಲ್ಲವೆ ನೆರೆಯ ರೈತರಿಂದ ಕೊಳ್ಳಿ. ಆಗ ಹೋಟೆಲಿನ ಹಣ ಊರಿನಲ್ಲೇ ಉಳಿಯುತ್ತದೆ. ಬಾವಿಯ ನೀರು ಕೆಟ್ಟ ಮೇಲೆ ಹೋಟೆಲೂ ನಡೆಯದು, ತೋಟವೂ ಉಳಿಯದು ಎಂಬುದನ್ನು ಗಮನದಲ್ಲಿಟ್ಟು ಕೆಲಸ ಪ್ರಾರಂಭಿಸಿ.