ಜೀವವರ್ಗೀಕರಣ: ಒಂದೇ ಪ್ರಭೇದವೋ, ಹಲವೋ? (ಯುವಲೇಸಿಯಾ ದುಂಬಿಗಳು)

1. ಗಣ: ಕೋಲಿಯಾಪ್ಟೆರಾ. ಉದ್ದ ಸುಮಾರು 2 ಮಿ.ಮೀ. ಹೆಣ್ಣು ಕಾಂಡ ಕೊರೆದು, ಸುರಂಗದಲ್ಲಿ ಶಿಲೀಂಧ್ರ ಬೆಳೆಸುತ್ತದೆ.
2. ಮೂಲ ವಿವರಣೆ: ಕ್ಸೈಲೆಬೋರಸ್ ಫೋರ್ನಿಕೇಟಸ್ (ಈಗ ಯುವಲೇಸಿಯಾ ಫೋರ್ನಿಕೇಟಸ್). ಐಖ್‌ಹಾಫ್, 1868, ಶ್ರೀಲಂಕಾ.
3. ಸಮಸ್ಯೆ: ಚಹಾ, ಬೆಣ್ಣೆಹಣ್ಣು ಮುಂತಾದವುಗಳ ಮೇಲಿನ ದುಂಬಿಗಳು ನೋಡಲು ಒಂದೇ ರೀತಿ, ಡಿಎನ್‌ಎ ಬೇರೆ.
4. ಮರುಪರಿಶೀಲನೆ (2018–2019): ಒಂದೆಂದು ತಿಳಿದಿದ್ದು ನಾಲ್ಕು ಪ್ರಭೇದವಾಯಿತು:
 - ಫೋರ್ನಿಕೇಟಸ್
 - ಫೋರ್ನಿಕೇಶಿಯರ್
 - ಪರ್‌ಬ್ರೆವಿಸ್
 - ಕುರೋಶಿಯೋ
5. ಹೆಸರು ಬದಲಾವಣೆ: 2018ರಲ್ಲಿ ‘ಫೋರ್ನಿಕೇಟಸ್’ ಹೆಸರು ಚಹಾ ದುಂಬಿಗೆ. 2019ರಲ್ಲಿ ಐಖ್‌ಹಾಫ್‌ನ ಮಾದರಿ ಅಳೆದಾಗ, ಅದು ಕ್ಯಾಲಿಫೋರ್ನಿಯಾ, ಇಸ್ರೇಲ್‌ಗಳಲ್ಲಿ ಮರಗಳನ್ನು ಕಾಡುವ ದುಂಬಿಯದೆಂದು ತಿಳಿಯಿತು. ಆ ದುಂಬಿಗಿದ್ದ ‘ವಿಟ್‌ಫೋರ್ಡಿಯೋಡೆಂಡ್ರಸ್’ (1942) ಹೆಸರು ಸಮಾನನಾಮವಾಯಿತು.
6. ಆದ್ಯತಾ ನಿಯಮ: ಒಂದೇ ಪ್ರಭೇದಕ್ಕೆ ಎರಡು ಹೆಸರಿದ್ದರೆ ಸಾಮಾನ್ಯವಾಗಿ ಹಳೆಯದೇ ಮಾನ್ಯ. ಪ್ರಾಣಿನಾಮಕರಣದ ಆರಂಭ: ಲಿನೇಯಸ್, 1758 (ಸಿಸ್ಟೆಮಾ ನ್ಯಾಚುರೇ, 10ನೇ ಆವೃತ್ತಿ).
7. ಜೈವಿಕ ಪ್ರಭೇದ ಪರಿಕಲ್ಪನೆ: ಅರ್ನ್ಸ್ಟ್ ಮೇಯರ್, 1942. ಪರಸ್ಪರ ಸಂತಾನೋತ್ಪತ್ತಿಯೇ ಅಳತೆಗೋಲು. ಈ ದುಂಬಿಗಳಲ್ಲಿ ಹೆಚ್ಚಾಗಿ ಒಡಹುಟ್ಟಿದವೇ ಕೂಡುವುದರಿಂದ ಇದನ್ನು ಅನ್ವಯಿಸುವುದು ಕಷ್ಟ. ದೇಹದ ಅಳತೆ, ಡಿಎನ್‌ಎ ಎರಡೂ ಬೇಕು.

ಗೊಂದಲ ಬೇಡ
- ಗೂಢ ಪ್ರಭೇದ: ರೂಪ ಒಂದೇ, ಪ್ರಭೇದ ಬೇರೆ. ಸಮಾನನಾಮ: ಪ್ರಭೇದ ಒಂದೇ, ಹೆಸರು ಬೇರೆ.
- ಈ ದುಂಬಿಯ ಆಹಾರ ಮರವಲ್ಲ, ಶಿಲೀಂಧ್ರ.
- ಗಂಡು: ಫಲಿತವಾಗದ ಮೊಟ್ಟೆಯಿಂದ, ಏಕಗುಣಿತ, ಹಾರದು. ಹೆಣ್ಣು: ದ್ವಿಗುಣಿತ, ಹಾರುತ್ತದೆ.