ಸಮಾರಂಭದ ಪ್ರಚಾರವೂ ಕಾರಕವಿಚಾರವೂ

ಸಮಾರಂಭಕ್ಕೆ ಜನರನ್ನು ಕರೆಯುವ ಕಲೆ ಹಳೆಯದು. ಸಾಧನ ಮಾತ್ರ ಹೊಸದು. ಫೇಸ್‌ಬುಕ್ 2004ರಲ್ಲಿ, ಯೂಟ್ಯೂಬ್ 2005ರಲ್ಲಿ, ವಾಟ್ಸ್‌ಆ್ಯಪ್ 2009ರಲ್ಲಿ, ಇನ್‌ಸ್ಟಾಗ್ರಾಂ 2010ರಲ್ಲಿ ಹುಟ್ಟಿದವು. ಡಂಗುರ, ಕರಪತ್ರ, ಆಹ್ವಾನಪತ್ರಿಕೆಗಳು ನಿರ್ವಹಿಸುತ್ತಿದ್ದ ಕಾರ್ಯದ ಬಹುಭಾಗವು ಇಂದು ಇವುಗಳ ಪಾಲಿಗೆ ಬಂದಿದೆ. ಆದರೂ ನೂರಾರು ಜನರು ‘ಶುಭವಾಗಲಿ’ ಎಂದು ಬರೆದು, ಸಮಾರಂಭದ ದಿನ ಕುರ್ಚಿಗಳು ಬರಿದಾಗಿಯೇ ಉಳಿಯುವುದುಂಟು. ಕಾರಣವನ್ನು ವ್ಯಾಕರಣವೇ ತಿಳಿಸುತ್ತದೆ. ಕ್ರಿಯಾಪದವಿಲ್ಲದ ವಾಕ್ಯವು ಕೇಳುಗನ ಆಕಾಂಕ್ಷೆಯನ್ನು ಹೇಗೆ ಪೂರೈಸದೋ, ಹಾಗೆಯೇ ಓದುಗನು ಮಾಡಬೇಕಾದುದೇನೆಂದು ಹೇಳದ ಪ್ರಚಾರವೂ ಫಲಿಸದು. ಶಾಲೆಯೊಂದು ಹಳೆಯ ವಿದ್ಯಾರ್ಥಿಗಳ ಸಮ್ಮೇಳನವನ್ನು ಏರ್ಪಡಿಸುತ್ತಿದೆಯೆಂದು ಭಾವಿಸಿ, ಅದರ ಪ್ರಚಾರವನ್ನು ಕಾರಕಗಳ ನೆರವಿನಿಂದ ಪರಿಶೀಲಿಸೋಣ.

ಮೊದಲನೆಯದು ಕ್ರಿಯೆ. ‘ಬನ್ನಿ’ ಎಂಬುದಕ್ಕಿಂತ ‘ಇಂಥ ದಿನದೊಳಗೆ ಹೆಸರನ್ನು ನೋಂದಾಯಿಸಿರಿ, ನಿಮ್ಮ ತರಗತಿಯ ಮೂವರನ್ನು ಕರೆತನ್ನಿರಿ’ ಎಂಬುದು ಸ್ಪಷ್ಟವಾದುದು. 2014ರ ಬೇಸಿಗೆಯಲ್ಲಿ ಅಮೆರಿಕದಲ್ಲಿ ಹಬ್ಬಿದ ‘ಐಸ್ ಬಕೆಟ್ ಚಾಲೆಂಜ್’ ಇದಕ್ಕೆ ನಿದರ್ಶನ. ಸ್ನಾಯುಗಳನ್ನು ನಡೆಸುವ ನರಕೋಶಗಳನ್ನು ನಾಶಗೊಳಿಸುವ ಎ.ಎಲ್.ಎಸ್. ಎಂಬ ವ್ಯಾಧಿಗೆ ಸ್ವತಃ ತುತ್ತಾಗಿದ್ದ ಪೀಟ್ ಫ್ರೇಟ್ಸ್ ಮತ್ತು ಪ್ಯಾಟ್ ಕ್ವಿನ್ ಎಂಬ ತರುಣರು ಅದನ್ನು ಜನಪ್ರಿಯಗೊಳಿಸಿದರು. ಮಂಜುಗಡ್ಡೆಯ ನೀರನ್ನು ತಲೆಯ ಮೇಲೆ ಸುರಿದುಕೊಳ್ಳಬೇಕು ಇಲ್ಲವೆ ದಾನ ಕೊಡಬೇಕು. ಮುಂದಿನವರನ್ನು ಹೆಸರಿಟ್ಟು ಕರೆಯಬೇಕು. ಅವರಿಗೆ 24 ಗಂಟೆಗಳ ಅವಧಿ. ಅನೇಕರು ಎರಡನ್ನೂ ಮಾಡಿದರು. ಎ.ಎಲ್.ಎಸ್. ಅಸೋಸಿಯೇಷನ್ ಸಂಸ್ಥೆಗೆ 11 ಕೋಟಿ 50 ಲಕ್ಷ ಡಾಲರುಗಳು ಸಂದವು. ಕ್ರಿಯೆ, ಕರ್ತೃ, ಕಾಲ ಮೂರೂ ನಿಶ್ಚಿತವಾಗಿದ್ದುದು ಗಮನಾರ್ಹ.

ಎರಡನೆಯದು ಕರ್ತೃ. ಊರಿನಲ್ಲಿರುವ ಹಿರಿಯರು, ನಗರದ ಉದ್ಯೋಗಿಗಳು, ಪರದೇಶದಲ್ಲಿರುವವರು ಎಂದು ವಿಂಗಡಿಸಿ, ಪ್ರತಿಯೊಂದು ವರ್ಗಕ್ಕೂ ತಕ್ಕ ಮಾತನ್ನು ಬರೆಯಬೇಕು. ಸಂದೇಶದ ವಸ್ತುವೇ ಕರ್ಮ. ಅತಿಥಿಗಳ ಬಿರುದಾವಳಿಗಿಂತ ತರಗತಿಯ ಹಳೆಯ ಭಾವಚಿತ್ರವೊಂದು ಹೆಚ್ಚು ಹೃದ್ಯವಾಗುತ್ತದೆ.

ಮಾಧ್ಯಮವು ಕರಣ ಮಾತ್ರ. ಅದನ್ನು ಕರ್ತೃವೆಂದು ಭ್ರಮಿಸಬಾರದು. ಹಿರಿಯರಿಗೆ ವಾಟ್ಸ್‌ಆ್ಯಪ್, ತರುಣರಿಗೆ ಇನ್‌ಸ್ಟಾಗ್ರಾಂ, ಬರಲಾಗದವರಿಗೆ ಯೂಟ್ಯೂಬಿನ ನೇರ ಪ್ರಸಾರ ಉಚಿತ. ಕೈಯಿಂದ ಕೈಗೆ ಬಹಳ ಸಲ ಸಾಗಿದ ಸಂದೇಶವನ್ನು ಒಮ್ಮೆಗೆ ಒಬ್ಬರಿಗೆ ಅಥವಾ ಒಂದೇ ಗುಂಪಿಗೆ ಮಾತ್ರ ಕಳುಹಿಸುವಂತೆ ವಾಟ್ಸ್‌ಆ್ಯಪ್ 2020ರಲ್ಲಿ ನಿರ್ಬಂಧಿಸಿತು. ಆದುದರಿಂದ ಒಂದೇ ಪ್ರಕಟಣೆಯನ್ನು ಎಲ್ಲೆಡೆ ದಾಟಿಸುವುದಕ್ಕಿಂತ, ಪ್ರತಿ ತರಗತಿಯಿಂದ ಒಬ್ಬ ಪ್ರತಿನಿಧಿಯನ್ನು ಆರಿಸಿ, ಆತನು ತನ್ನ ಸಹಪಾಠಿಗಳಿಗೆ ತನ್ನ ಮಾತಿನಲ್ಲಿಯೇ ಬರೆಯುವಂತೆ ಮಾಡುವುದು ಲೇಸು.

ಮಾತು ಎಲ್ಲಿಂದ ಹೊರಡುತ್ತದೆಯೆಂಬುದು ಅಪಾದಾನ. ಸಂಸ್ಥೆಯ ಹೆಸರಿನಲ್ಲಿ ಒಂದೇ ಅಧಿಕೃತ ಖಾತೆ ಇರಲಿ. ದಾನ ಸ್ವೀಕರಿಸುವ ಬ್ಯಾಂಕ್ ವಿವರವು ಮುದ್ರಿತ ಆಹ್ವಾನಪತ್ರಿಕೆಯಲ್ಲಿಯೂ ಅಲ್ಲಿಯೂ ಒಂದೇ ಆಗಿರಲಿ. ಇಲ್ಲವಾದರೆ ವಂಚಕರಿಗೆ ಎಡೆಯಾಗುತ್ತದೆ. ಯಾರಿಗಾಗಿ ಎಂಬುದು ಸಂಪ್ರದಾನ. ಬಂದ ಹಣವು ಗ್ರಂಥಾಲಯಕ್ಕೋ ವಿದ್ಯಾರ್ಥಿವೇತನಕ್ಕೋ ಎಂಬುದನ್ನು ಮೊದಲೇ ಹೇಳಬೇಕು.

ಕೊನೆಯದಾದ ಅಧಿಕರಣವು ದೇಶಕಾಲಗಳ ನಿಯಮ. ಆರು ವಾರಗಳ ಮುಂಚೆ ದಿನಾಂಕ, ನಾಲ್ಕು ವಾರಗಳ ಮುಂಚೆ ನೋಂದಣಿ, ಹಿಂದಿನ ದಿನ ಸ್ಥಳದ ನಕ್ಷೆ, ಮುಗಿದ ವಾರದೊಳಗೆ ಚಿತ್ರಗಳೂ ಲೆಕ್ಕಪತ್ರವೂ ಪ್ರಕಟವಾಗಬೇಕು. ವಾಟ್ಸ್‌ಆ್ಯಪಿನ ‘ಸ್ಟೇಟಸ್’ 24 ಗಂಟೆಗಳಲ್ಲಿ ಮರೆಯಾಗುವುದರಿಂದ ಮುಖ್ಯ ಸೂಚನೆಯನ್ನು ಅದೊಂದಕ್ಕೇ ಒಪ್ಪಿಸಬಾರದು.

ಯೋಜನೆಯ ಸಾರ್ಥಕತೆಯನ್ನು ಅಳೆಯಬೇಕಾದುದು ಮೆಚ್ಚುಗೆಯ ಗುರುತುಗಳಿಂದಲ್ಲ. ನೋಂದಾಯಿಸಿದವರ ಹಾಗೂ ಬಂದವರ ಸಂಖ್ಯೆಯಿಂದ. ಈ ಎಣಿಕೆಯಲ್ಲಿ ಮೊಬೈಲ್ ಬಳಸದ ನಿವೃತ್ತ ಅಧ್ಯಾಪಕರನ್ನು ಮರೆಯಲಾಗದು. ಅವರಿಗೆ ಅಂಚೆಯ ಪತ್ರವೊಂದು ಹೋಗಲಿ. ಸಾಧ್ಯವಾದರೆ ಶಿಷ್ಯನೊಬ್ಬನು ಮನೆಗೆ ಹೋಗಿ ಕರೆತರಲಿ. ಹಳೆಯ ವಿದ್ಯಾರ್ಥಿಗಳನೇಕರು ದೂರದಿಂದ ಬರುವುದು ಅವರನ್ನು ಕಾಣಲೆಂದೇ ಅಲ್ಲವೆ?