ಹಬ್ಬದ ಊಟಕ್ಕೆ ನಾಟಿಕೋಳಿ: ಆಯ್ಕೆ, ಶುದ್ಧಿ ಮತ್ತು ಪಾಕಕ್ರಮ

ಯುಗಾದಿಯ ಮರುದಿನ ಬರುವ ಹೊಸತೊಡಕಿನಲ್ಲಿ ಹಳೆಯ ಮೈಸೂರು ಸೀಮೆಯ ಅನೇಕ ರೈತರ ಮನೆಗಳಲ್ಲಿ ಮಾಂಸದ ಅಡುಗೆಯಾಗುವುದು ರೂಢಿ. ಬೀಗರೂ ನೆಂಟರೂ ಕೂಡುವ ಆ ದಿನ ಮನೆಯ ಹಿಂಡಿನ ಕೋಳಿಯೇ ಊಟಕ್ಕೆ ಒದಗುವುದು. ಆದರೆ ಆಯ್ಕೆಯಲ್ಲಿಯೂ ಶುದ್ಧಿಯಲ್ಲಿಯೂ ಅಜಾಗರೂಕರಾದರೆ ಮಾಂಸವು ನಾರಾಗುವುದಲ್ಲದೆ, ಹಬ್ಬ ಕಳೆದ ಕೆಲವೇ ದಿನಗಳಲ್ಲಿ ಹಿತ್ತಲಿನ ಹಿಂಡೇ ಬರಿದಾಗುವ ಸಂಭವವುಂಟು. ಆದಕಾರಣ ಈ ಕೆಳಗಿನ ಸಂಗತಿಗಳನ್ನು ಗಮನಿಸತಕ್ಕದ್ದು.

1. ಕೋಳಿಯ ಆಯ್ಕೆ

ನೆಂಟರ ಮರ್ಯಾದೆಗಾಗಿ ಹಿಂಡಿನಲ್ಲಿ ಎಲ್ಲಕ್ಕಿಂತ ಪುಷ್ಟವಾದ ಹುಂಜವನ್ನು ಕೊಯ್ಯುವ ವಾಡಿಕೆಯುಂಟು. ಇದು ಬಿತ್ತನೆಯ ಬೀಜವನ್ನು ಕುಟ್ಟಿ ಉಂಡಂತೆ. ಉಳಿದ ಬಡಕಲು ಹುಂಜಗಳಿಂದ ಮುಂದಿನ ಪೀಳಿಗೆಯೂ ಬಡಕಲಾಗುವುದು. ಉತ್ತಮವಾದ ಒಂದು ಹುಂಜವನ್ನೂ ಚೆನ್ನಾಗಿ ಮೊಟ್ಟೆಯಿಡುವ ಹೇಂಟೆಗಳನ್ನೂ ತಳಿಗಾಗಿ ಉಳಿಸಿಕೊಂಡು, ಹೆಚ್ಚಾದ ಹುಂಜಗಳನ್ನೂ ಮೊಟ್ಟೆ ನಿಂತ ಹೇಂಟೆಗಳನ್ನೂ ಅಡುಗೆಗೆ ಆರಿಸತಕ್ಕದ್ದು.

ಎಳೆಯ ಕೋಳಿಯ ಎದೆಮೂಳೆಯ ತುದಿಯು ಬೆರಳಿನಿಂದ ಒತ್ತಿದರೆ ಬಾಗುವುದು. ಕಾಲಿನ ಚರ್ಮವು ನುಣುಪಾಗಿರುವುದು. ಹಳೆಯ ಕೋಳಿಯ ಎದೆಮೂಳೆ ಗಡುಸು, ಕಾಲು ಒರಟು, ಹುಂಜವಾದರೆ ಕಾಲಿನ ಮುಳ್ಳು ಉದ್ದ.

ಕಾಡುಕೋಳಿ, ನವಿಲು, ಕೌಜುಗ ಇವೆಲ್ಲವೂ ನಾಟಿಕೋಳಿಯ ಕುಲಕ್ಕೇ ಸೇರಿದವು. ಆದರೆ 1972ನೆಯ ಇಸವಿಯ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಇವುಗಳನ್ನು ಬೇಟೆಯಾಡುವುದು ಅಪರಾಧ. ಹಬ್ಬದ ನೆಪದಿಂದ ಉರುಳು ಒಡ್ಡಕೂಡದು.

2. ರೋಗದ ಪರೀಕ್ಷೆ

ತೂಕಡಿಸುವ, ಬಾಯಿ ತೆರೆದು ಉಸಿರೆಳೆಯುವ, ಹಸುರಾಗಿ ಭೇದಿಯಾಗುವ, ಕತ್ತು ತಿರುಚಿದ ಕೋಳಿಯು ರಾಣಿಖೇತ್ ರೋಗದ್ದೆಂದು ಶಂಕಿಸತಕ್ಕದ್ದು. ಈ ರೋಗಕ್ಕೆ ಮದ್ದಿಲ್ಲ. ಮುಂಚಿತವಾಗಿ ಲಸಿಕೆ ಹಾಕಿಸುವುದೊಂದೇ ರಕ್ಷೆ. ಕಾಯಿಲೆಯ ಕೋಳಿಯನ್ನು "ಸಾಯುವ ಮೊದಲು ಸಾರಾಗಲಿ" ಎಂದು ಕೊಯ್ಯುವುದಾಗಲಿ, ಸಂತೆಗೆ ಒಯ್ಯುವುದಾಗಲಿ ಕೂಡದು. ಸಂತೆಯಿಂದ ತಂದ ಕೋಳಿಯನ್ನು ಮನೆಯ ಹಿಂಡಿನೊಡನೆ ಬಿಡದೆ ಬೇರೆಯಾಗಿ ಮುಚ್ಚಿಡಬೇಕು.

3. ಶುದ್ಧಿ

ಕೊಯ್ಯುವ ಹಿಂದಿನ ರಾತ್ರಿ ಕಾಳು ಹಾಕದೆ ನೀರನ್ನು ಮಾತ್ರ ಇಡತಕ್ಕದ್ದು; ಇದರಿಂದ ಕರುಳು ಬರಿದಾಗಿ ಶುದ್ಧಿಯು ಸುಲಭವಾಗುವುದು. ಪುಕ್ಕ ಕಿತ್ತು, ಉರಿಯಲ್ಲಿ ಸುಟ್ಟು, ಅರಿಸಿನ ಹಚ್ಚಿ ತೊಳೆಯುವ ಹಳ್ಳಿಯ ಪದ್ಧತಿಯು ಒಳ್ಳೆಯದೇ. ಈಲಿಗೆ ಅಂಟಿದ ಪಿತ್ತಕೋಶವು ಒಡೆದರೆ ಮಾಂಸವೆಲ್ಲ ಕಹಿಯಾಗುವುದರಿಂದ ಅದನ್ನು ಎಚ್ಚರದಿಂದ ಬಿಡಿಸಬೇಕು. ಹಸಿಮಾಂಸ ಮುಟ್ಟಿದ ಕೈಯನ್ನೂ ಕತ್ತಿಯನ್ನೂ ಸಾಬೂನಿನಿಂದ ತೊಳೆಯದೆ ಬೇರೆ ಪದಾರ್ಥಗಳನ್ನು ಮುಟ್ಟಕೂಡದು. ಪುಕ್ಕ, ಕರುಳುಗಳನ್ನು ತಿಪ್ಪೆಗೆ ಎಸೆದರೆ ನಾಯಿ ಕಾಗೆಗಳು ಎಳೆದಾಡಿ ಊರಿಗೆಲ್ಲ ರೋಗ ಹರಡಬಹುದು. ಆಳವಾದ ಗುಂಡಿ ತೋಡಿ, ಸುಣ್ಣ ಹಾಕಿ ಹೂಳತಕ್ಕದ್ದು.

4. ಪಾಕಕ್ರಮ

ಹಳೆಯ ಕೋಳಿಗೆ ಸಾರೇ ತಕ್ಕದ್ದು. ಮಾಂಸದ ಎಳೆಗಳನ್ನು ಕಟ್ಟಿರುವ ನಾರು ನೀರಿನಲ್ಲಿ ನಿಧಾನವಾಗಿ ಕುದಿದಾಗ ಮಾತ್ರ ಕರಗಿ ಸಾರಿಗೆ ಸಾರವನ್ನು ಕೊಡುವುದು. 1 ಕಿಲೋ ಮಾಂಸಕ್ಕೆ ಕೊತ್ತಂಬರಿ ಬೀಜ 4 ಚಮಚ, ಒಣಮೆಣಸಿನಕಾಯಿ 8, ಗಸಗಸೆ 1 ಚಮಚ, ಬೆಳ್ಳುಳ್ಳಿ 1 ಗಡ್ಡೆ, ಶುಂಠಿ 1 ಅಂಗುಲ, ಈರುಳ್ಳಿ 3, ಸ್ವಲ್ಪ ಚಕ್ಕೆ ಲವಂಗ, ಅರ್ಧ ಹೋಳು ತೆಂಗಿನಕಾಯಿ ಬೇಕು. ಒಂದು ಈರುಳ್ಳಿಯನ್ನು ಎಣ್ಣೆಯಲ್ಲಿ ಬಾಡಿಸಿ, ಮಾಂಸ, ಅರಿಸಿನ, ಉಪ್ಪು ಹಾಕಿ, ಮಾಂಸವು ಬಿಟ್ಟ ನೀರು ಇಂಗುವವರೆಗೆ ಹುರಿಯಬೇಕು. ಬಳಿಕ ಬಿಸಿನೀರು ಹೊಯ್ದು, ಮುಚ್ಚಿ, ಸಣ್ಣ ಉರಿಯಲ್ಲಿ ಒಂದೂವರೆ ಎರಡು ಗಂಟೆ ಬೇಯಿಸಬೇಕು. ಉಳಿದ ಸಾಮಾನುಗಳನ್ನು ಹುರಿದು ನುಣ್ಣಗೆ ಅರೆದ ಮಸಾಲೆಯನ್ನು ಮಾಂಸ ಮೆತ್ತಗಾದ ಮೇಲೆಯೇ ಬೆರೆಸಿ, ಹಸಿವಾಸನೆ ಹೋಗುವವರೆಗೆ ಕುದಿಸಿದರೆ ರಾಗಿಮುದ್ದೆಗೆ ಒಪ್ಪುವ ಸಾರು ಸಿದ್ಧವಾಗುವುದು.

ಎಳೆಯ ಕೋಳಿಯನ್ನು ಹುರಿಯಬಹುದು. ಬೆಳ್ಳುಳ್ಳಿ, ಶುಂಠಿ, ಮೆಣಸು, ಉಪ್ಪು ಅರೆದು ಹಚ್ಚಿ, ಒಂದು ಗಂಟೆ ತಂಪಾದ ಕಡೆ ಮುಚ್ಚಿಟ್ಟು, ಬಳಿಕ ಅಗಲವಾದ ಬಾಣಲೆಯಲ್ಲಿ ಮುಚ್ಚಿ ಬೇಯಿಸಿ, ಕೊನೆಯಲ್ಲಿ ಮುಚ್ಚಳ ತೆಗೆದು ಕೆಂಪಗೆ ಹುರಿಯಬೇಕು. ಮೂಳೆಯ ಬಳಿ ಚುಚ್ಚಿದಾಗ ಬರುವ ರಸವು ತಿಳಿಯಾಗಿರಬೇಕು. ಉಷ್ಣಮಾಪಕವಿದ್ದರೆ ಒಳಭಾಗವು 74 ಡಿಗ್ರಿ ಸೆಂಟಿಗ್ರೇಡ್ ಮುಟ್ಟಬೇಕು.

ಊರಿನ ಮುಖಂಡರು ಹಬ್ಬಕ್ಕೆ ಒಂದು ತಿಂಗಳು ಮೊದಲೇ ಪಶುವೈದ್ಯಾಲಯಕ್ಕೆ ತಿಳಿಸಿ ಊರಿನ ಕೋಳಿಗಳಿಗೆಲ್ಲ ಒಟ್ಟಿಗೆ ಲಸಿಕೆ ಹಾಕಿಸುವುದು ಉಚಿತ. ಒಂದು ಮನೆಯ ಅಲಕ್ಷ್ಯದಿಂದ ಕೇರಿಯ ಹಿಂಡೆಲ್ಲ ಹಾಳಾಗಬಹುದು; ಎಲ್ಲರ ಎಚ್ಚರಿಕೆಯಿಂದ ಬಡ ಮನೆಯ ನಾಲ್ಕು ಕೋಳಿಗಳೂ ಉಳಿಯುವುವು.